ಗುಣಿಸಿದರೆ ಆರು, ಕೂಡಿಸಿದರೆ ಐದು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಒಂದೊಂದಾಗಿ ನಿಲ್ಲುವ ಹೊತ್ತಿಗೆ ಹತ್ತನೆಯ ತರಗತಿಯ ನಾಲ್ಕಾರು ಮಕ್ಕಳು ನೋಟ್‌ಬುಕ್ಕು ಹಿಡಿದು ನಮ್ಮ ಕಟ್ಟೆಗೆ ಬರುತ್ತಾರೆ. ಒಂದು ಸಂಜೆ ಒಬ್ಬ ಹುಡುಗಿ ಒಂದೇ ಲೆಕ್ಕಕ್ಕೆ ಎರಡು ಪುಟ ತುಂಬಿಸಿ, ಗೀಚಿ ಅಳಿಸಿ, ಕಣ್ಣಲ್ಲಿ ನೀರು ತಂದುಕೊಂಡು ಕೂತಿದ್ದಳು.

"ಸರ, ಎಷ್ಟ್ ಸಲ ಮಾಡಿದ್ರೂ ಇದು ಒಡೀವಲ್ದ್ರಿ."

"ಏನೇನು ಹಾಕಿ ನೋಡಿದಿ?"

"ಒಂದು-ಆರು ಹಾಕೀನ್ರಿ, ಎರಡು-ಮೂರು ಹಾಕೀನ್ರಿ. ನನಗ ಮಗ್ಗಿನ ಬರಂಗಿಲ್ಲ ಕಾಣ್ತೈತ್ರಿ."

ಅವಳಿಗೆ ಮಗ್ಗಿ ಚೆನ್ನಾಗಿಯೇ ಬರುತ್ತಿತ್ತು. ಪುಸ್ತಕದಿಂದ ಇಳಿಸಿಕೊಳ್ಳುವಾಗ ನಡುವಿನ ಪದದ 5 ಅನ್ನು 4 ಎಂದು ಬರೆದುಕೊಂಡಿದ್ದಳು, ಅಷ್ಟೆ. ಆ ಒಂದು ಅಂಕಿಯಿಂದಾಗಿ ಅದು ಯಾರ ಕೈಯಲ್ಲೂ ಒಡೆಯದ ಲೆಕ್ಕವಾಗಿತ್ತು. ನನ್ನನ್ನು ಕಾಡಿದ್ದು ಆ ತಪ್ಪಲ್ಲ. ಲೆಕ್ಕ ಒಡೆಯದಿದ್ದಾಗ ದೋಷ ತನ್ನದೇ ಎಂದು ಅವಳು ತೀರ್ಮಾನಿಸಿದ್ದು ಕಾಡಿತು. ನಾನು ಹುಡುಗನಾಗಿದ್ದಾಗ ಹೀಗೆಯೇ ಒಡೆಯದ ಒಂದು ಲೆಕ್ಕಕ್ಕೆ ಇಡೀ ತಾಸು ಕರಿಹಲಗೆಯ ಮುಂದೆ ನಿಂತಿದ್ದೆ; "ಇನ್ನೊಮ್ಮೆ ನೋಡು" ಎಂಬ ಮಾತು ಬಿಟ್ಟರೆ ಬೇರೆ ಮಾತು ಆ ದಿನ ನನಗೆ ಸಿಗಲಿಲ್ಲ. ಐದು ದಶಕ ಕಳೆದರೂ ಮಕ್ಕಳು ಅಲ್ಲಿಯೇ ನಿಂತಿದ್ದಾರೆ. ಆ ಸಂಜೆ ಉತ್ತರ ನಾಲಗೆಯ ತುದಿಗೆ ಬಂದಿತ್ತು. ತಡೆದುಕೊಂಡು, ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳಿದ್ದರೆ ತಗೊಂಡು ಬಾ ಎಂದು ಅವಳನ್ನು ಕಳಿಸಿದೆ. ಅವಳು ಬರುವಷ್ಟರಲ್ಲಿ ಈ ಲೆಕ್ಕದ ಪೂರ್ವೋತ್ತರವನ್ನು ಒಮ್ಮೆ ನೋಡೋಣ. ವರ್ಗೋಕ್ತಿಯನ್ನು ಅಪವರ್ತಿಸುವುದು ಎಂದರೆ ಏನು, ಅದು ಎಲ್ಲಿಂದ ಬಂತು, ಹೇಗೆಲ್ಲ ಕಲಿಸುತ್ತಾರೆ, ಫೋನೇ ಉತ್ತರ ಹೇಳುವ ಈ ದಿನಗಳಲ್ಲಿ ಅದನ್ನು ಕಲಿಸಬೇಕೇ?

ಮೊದಲು ಗುರುತಿನ ಮಾತು. ಪಠ್ಯಪುಸ್ತಕ ಗೊತ್ತಿಲ್ಲದ ರಾಶಿಗೆ ಎಕ್ಸ್ ಎಂಬ ಅಕ್ಷರ ಇಡುತ್ತದೆ. ಭಾಸ್ಕರಾಚಾರ್ಯನಂಥ ನಮ್ಮ ಹಳೆಯ ಗಣಿತಜ್ಞರು 'ಯಾವತ್ತಾವತ್' ಎಂಬ ಪದದ ಮೊದಲಕ್ಷರ 'ಯಾ' ಬಳಸುತ್ತಿದ್ದರು. ಎಷ್ಟೋ ಅಷ್ಟು ಎಂಬುದು ಅದರ ಅರ್ಥ. ನಾನು ಇಲ್ಲಿ 'ಯ' ಎಂದು ಬರೆಯುತ್ತೇನೆ. ಆ ಹುಡುಗಿಯ ಪುಸ್ತಕದಲ್ಲಿದ್ದ ಯ² + 5ಯ + 6 ಎಂಬುದು ಒಂದು ವರ್ಗೋಕ್ತಿ. ಅದನ್ನು (ಯ + 2)(ಯ + 3) ಎಂದು ಗುಣಲಬ್ಧವಾಗಿ ಬರೆದರೆ ಅಪವರ್ತಿಸಿದಂತಾಯಿತು. ಗುಣಿಸಿದರೆ ಆರು, ಕೂಡಿಸಿದರೆ ಐದು ಬರುವ ಎರಡು ಸಂಖ್ಯೆ ಯಾವುವು? ಎರಡು ಮತ್ತು ಮೂರು. ನಾಡಿನ ಯಾವ ಶಾಲೆಯ ಕಿಟಕಿಯ ಹೊರಗೆ ನಿಂತರೂ ಈ ಪ್ರಶ್ನೆ ಕೇಳುತ್ತದೆ.

ಅಪವರ್ತನ ಎಂಬ ಪದಕ್ಕೆ ಭಾಸ್ಕರಾಚಾರ್ಯನ ಲೀಲಾವತಿಯ ಕಾಲದಲ್ಲಿ ಬೇರೆ ಅರ್ಥವಿತ್ತು: ಎರಡು ಸಂಖ್ಯೆಗಳನ್ನು ಅವೆರಡಕ್ಕೂ ಸಲ್ಲುವ ಭಾಜಕದಿಂದ ಭಾಗಿಸಿ ಚಿಕ್ಕದು ಮಾಡುವುದು. ಮಕ್ಕಳ ಬಾಯಲ್ಲಿ ಈಗ ಅದು 'ಒಡೆಯೋದು'. ಈ ಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಒಡೆದದ್ದು ಚೂರಾಗುತ್ತದೆ. ಇಲ್ಲಿ ಚೂರಾಗುವುದು ಏನೂ ಇಲ್ಲ, ಜಾಗದ ಅಳತೆ ಕೊಟ್ಟಾಗ ಅದರ ಉದ್ದ ಮತ್ತು ಅಗಲ ಹುಡುಕುತ್ತೇವೆ.

ನಮ್ಮೂರಲ್ಲಿ ಇದನ್ನು ತೋರಿಸಲು ದೂರ ಹೋಗಬೇಕಿಲ್ಲ. ಗಜೇಂದ್ರಗಡದ ಪಟ್ಟೇದಂಚಿನ ಸೀರೆ ಚೌಕಳಿಯ ಸೀರೆ. ದಪ್ಪ ಹತ್ತಿಯ ಒಡಲಿನ ತುಂಬ ಸಣ್ಣ ಸಣ್ಣ ಚೌಕ, ಎರಡೂ ಕಡೆ ಬೇರೆ ಬಣ್ಣದ ಅಗಲ ಅಂಚು. ಹಾಸಿನ ಎಳೆ ಒಂದು ದಿಕ್ಕು, ಹೊಕ್ಕಿನ ಎಳೆ ಇನ್ನೊಂದು ದಿಕ್ಕು. ಅಗಲದಲ್ಲಿ ಎಷ್ಟು ಮನೆ, ಉದ್ದದಲ್ಲಿ ಎಷ್ಟು ಮನೆ ಎಂದು ಎಣಿಸಿ ಗುಣಿಸಿದರೆ ಒಟ್ಟು ಚೌಕ ಸಿಗುತ್ತವೆ. ಇದು ಗುಣಾಕಾರ. ಒಟ್ಟು ಚೌಕ ಇಷ್ಟು ಎಂದು ಹೇಳಿ, ಉದ್ದ-ಅಗಲ ನೀನೇ ಹೇಳು ಎಂದರೆ ಅಪವರ್ತನ. ಮಗ್ಗದ ಮನೆಯ ಮಗುವಿಗೆ ಮೊದಲನೆಯದು ಹುಟ್ಟಿನಿಂದಲೇ ಕಣ್ಣಳತೆಗೆ ಬಂದಿರುತ್ತದೆ. ಎರಡನೆಯದು ಅದರದೇ ತಿರುವು ಎಂದು ನಾವು ಹೇಳಿಕೊಡುವುದಿಲ್ಲ, ಹಾಗಾಗಿ ಅದು ಒಗಟಾಗಿ ಉಳಿಯುತ್ತದೆ.

ಇನ್ನೂ ಹತ್ತಿರದ ಲೆಕ್ಕ ಪ್ಲಾಟಿನದು. ಒಂದು ಪ್ಲಾಟಿನ ಸುತ್ತ ಬೇಲಿಗೆ 140 ಅಡಿ ತಂತಿ ಬೇಕು, ಜಾಗ 1200 ಚದರಡಿ. ಉದ್ದ-ಅಗಲ ಎಷ್ಟು? ಕಟ್ಟೆಯ ಮೇಲೆ ಕೂತ ಯಾವ ಹಿರಿಯರೂ ಪೆನ್ಸಿಲ್ ಮುಟ್ಟದೆ ಮೂವತ್ತು-ನಲವತ್ತು ಎಂದು ಹೇಳುತ್ತಾರೆ. ಅವರು ಬಿಡಿಸಿದ್ದು ಯ² − 70ಯ + 1200 ಎಂಬ ವರ್ಗೋಕ್ತಿಯನ್ನು. ಅದರ ಅಪವರ್ತನಗಳು (ಯ − 30) ಮತ್ತು (ಯ − 40). ಸುತ್ತಳತೆಯ ಅರ್ಧ 70, ಅದು ಮೊತ್ತ. ಜಾಗ 1200, ಅದು ಗುಣಲಬ್ಧ.

ಈ ಲೆಕ್ಕ ಬಲು ಹಳೆಯದು. ಸುಮಾರು 3800 ವರ್ಷಗಳ ಹಿಂದೆ ಬ್ಯಾಬಿಲೋನಿನ ಲಿಪಿಕಾರರು ಹಸಿಮಣ್ಣಿನ ಹಲಗೆಗಳ ಮೇಲೆ ಇಂಥವನ್ನೇ ಕೊರೆದಿಟ್ಟಿದ್ದಾರೆ. ಅವರ ದಾರಿ ಸರಳ. ಮೊತ್ತದ ಅರ್ಧ ತೆಗೆ: 35. ಅದರ ವರ್ಗ 1225. ಅದರಲ್ಲಿ ಜಾಗ 1200 ಕಳೆ: 25 ಉಳಿಯಿತು. ಅದರ ವರ್ಗಮೂಲ 5. ಒಂದು ಬದಿ 35ಕ್ಕೆ 5 ಕೂಡಿಸಿದರೆ 40, ಇನ್ನೊಂದು ಬದಿ 5 ಕಳೆದರೆ 30. ಊಹೆ ಮಾಡುವ ಪ್ರಶ್ನೆಯೇ ಇಲ್ಲ. ಇದರ ಒಳಗೆ ಇನ್ನೊಂದು ಮಾತು ಅಡಗಿದೆ, ಅದು ಮುಂದೆ ಬೇಕಾಗುತ್ತದೆ: ಎರಡು ಬದಿ ಕೂಡಿ 70 ಆಗುವುದಾದರೆ, ಜಾಗ 1225ಕ್ಕಿಂತ ದೊಡ್ಡದಾಗಲು ಸಾಧ್ಯವೇ ಇಲ್ಲ. ಬದಿಗಳು ಸಮನಾದಾಗ ಜಾಗ ಅತಿ ಹೆಚ್ಚು. ನಮ್ಮ ಗುಂಟೆಯೂ ಹಾಗೆ ಸಮಬದಿಯದೇ, 33 ಅಡಿಗೆ 33 ಅಡಿ, 1089 ಚದರಡಿ. ಅದೇ 132 ಅಡಿ ಬೇಲಿಯ ಯಾವ ಆಯತದಲ್ಲೂ ಇದಕ್ಕಿಂತ ಹೆಚ್ಚು ನೆಲ ಸುತ್ತಲು ಬಾರದು.

ಈಗ ನಮ್ಮ ನಾಡಿಗೆ ಬರೋಣ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಹೆಸರಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರು ಹೇಳುತ್ತದೆ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ. ಭೂಪಟದಲ್ಲಿ ಇವೆರಡರ ನಡುವೆ ಒಂದು ಗೆರೆ ಎಳೆದರೆ ಗಜೇಂದ್ರಗಡ ಆ ಗೆರೆಯ ಮಗ್ಗುಲಲ್ಲೇ ಬೀಳುತ್ತದೆ. ಆ ಕೃತಿ ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಸಂಸ್ಕೃತದ ಪುಸ್ತಕ, ಕನ್ನಡ ನಾಡಿನ ಗಣಿತ. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಅಚ್ಚಿಗೆ ತಂದರು. ಕನ್ನಡಕ್ಕೆ ತಂದವರು ಪದ್ಮಾವತಮ್ಮ. ಹತ್ತನೆಯ ತರಗತಿಯ ಪ್ರತಿ ಕೋಣೆಯಲ್ಲಿ ಇದರ ಒಂದು ಪ್ರತಿ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದರೆ ಅದರಲ್ಲಿ ಒಂಟೆಗಳ ಒಂದು ಲೆಕ್ಕವಿದೆ.

ಒಂದು ಒಂಟೆಯ ಹಿಂಡು. ಅದರ ಕಾಲುಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋದವು. ಉಳಿದ ಹದಿನೈದು ಹೊಳೆಯ ದಂಡೆಯಲ್ಲಿದ್ದವು. ಒಟ್ಟು ಎಷ್ಟು? ಹಿಂಡಿನ ವರ್ಗಮೂಲವನ್ನು ಯ ಎನ್ನೋಣ, ಹಿಂಡು ಯ² ಆಯಿತು. ಅದರ ಮುಕ್ಕಾಲು ಭಾಗ 2ಯ ಮತ್ತು 15ಕ್ಕೆ ಸಮ. ನಾಲ್ಕರಿಂದ ಗುಣಿಸಿ ಎಲ್ಲವನ್ನೂ ಒಂದು ಕಡೆ ತಂದರೆ 3ಯ² − 8ಯ − 60 = 0. ಇನ್ನು ಶಾಲೆಯ ದಾರಿ ಹಿಡಿಯೋಣ. ಮೊದಲ ಸಹಗುಣಕ 3, ಸ್ಥಿರಪದ −60, ಗುಣಿಸಿದರೆ −180. ಗುಣಲಬ್ಧ −180, ಮೊತ್ತ −8 ಆಗುವ ಎರಡು ಸಂಖ್ಯೆ −18 ಮತ್ತು 10. ನಡುವಿನ ಪದ ಒಡೆಯಿತು: 3ಯ² − 18ಯ + 10ಯ − 60. ಮೊದಲೆರಡರಲ್ಲಿ 3ಯ, ಕೊನೆಯೆರಡರಲ್ಲಿ 10 ಹೊರಗೆ ತೆಗೆದರೆ ಎರಡರಲ್ಲೂ (ಯ − 6) ಉಳಿಯುತ್ತದೆ. ಉತ್ತರ (ಯ − 6)(3ಯ + 10). ಯ ಆರಾಯಿತು, ಹಿಂಡು ಮೂವತ್ತಾರು. ಒಂಬತ್ತು ಕಾಡಿನಲ್ಲಿ, ಹನ್ನೆರಡು ಬೆಟ್ಟದಲ್ಲಿ, ಹದಿನೈದು ಹೊಳೆಯ ಬಳಿ, ಕೂಡಿ ನೋಡಿ. ಇನ್ನೊಂದು ಅಪವರ್ತನದಿಂದ ಬರುವ ಋಣ ಬೆಲೆಗೆ ಇಲ್ಲಿ ಕೆಲಸವಿಲ್ಲ. ಹನ್ನೊಂದೂವರೆ ಶತಮಾನದ ಹಿಂದೆ ಈ ನೆಲದಲ್ಲಿ ಹಾಕಿದ ಲೆಕ್ಕ ಇಂದಿನ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಕೂತರೂ ಹೊಸದರಂತೆಯೇ ಕಾಣುತ್ತದೆ.

ಭಾಸ್ಕರಾಚಾರ್ಯನ ಊರು ವಿಜಯಪುರವೆಂದು ನಮ್ಮ ಕಡೆ ಹೇಳುತ್ತಾರೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. 1114ರಲ್ಲಿ ಹುಟ್ಟಿದ ಆತನ ಬೀಜಗಣಿತದಲ್ಲಿ ಮಂಗಗಳ ಎರಡು ಲೆಕ್ಕಗಳಿವೆ. ಒಂದರಲ್ಲಿ ಗುಂಪಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕಾಡಿನಲ್ಲಿ ಆಡುತ್ತಿವೆ, ಹನ್ನೆರಡು ಗುಡ್ಡದ ಮೇಲಿವೆ. ಸಮೀಕರಣ ಯ² − 64ಯ + 768 = 0; ಅಪವರ್ತಿಸಿದರೆ (ಯ − 16)(ಯ − 48). ಎರಡೂ ಉತ್ತರ ಸರಿ. ಇನ್ನೊಂದರಲ್ಲಿ ಗುಂಪಿನ ಐದನೆಯ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಮಂಗಗಳು ಗುಹೆ ಸೇರಿವೆ, ಒಂದು ಮಾತ್ರ ಕಣ್ಣಿಗೆ ಬೀಳುತ್ತಿದೆ. ಇಲ್ಲಿ 50 ಮತ್ತು 5 ಬರುತ್ತವೆ. ಐದನ್ನು ಭಾಸ್ಕರ ಬಿಟ್ಟುಬಿಡುತ್ತಾನೆ: ಐದರ ಐದನೆಯ ಭಾಗ ಒಂದು, ಅದರಲ್ಲಿ ಮೂರು ಕಳೆಯುವುದೆಂತು? ಲೆಕ್ಕ ಕೊಟ್ಟ ಉತ್ತರವನ್ನು ಮತ್ತೆ ಮಂಗಗಳ ಹತ್ತಿರ ಒಯ್ದು ಕೇಳುವ ಈ ಅಭ್ಯಾಸ ನಮ್ಮ ಮಕ್ಕಳಿಗೆ ಬರಬೇಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಮೇಲಿನ ಲೆಕ್ಕಗಳನ್ನು ಅಪವರ್ತಿಸಿ ತೋರಿಸಿದ್ದು ನಾನು. ಮಹಾವೀರನಾಗಲಿ ಭಾಸ್ಕರನಾಗಲಿ ಹಾಗೆ ಮಾಡಲಿಲ್ಲ. ಅವರದು ವರ್ಗವನ್ನು ಪೂರ್ಣಗೊಳಿಸುವ ದಾರಿ. ಶ್ರೀಧರಾಚಾರ್ಯನ ಸೂತ್ರವನ್ನು ಭಾಸ್ಕರ ಹೆಸರು ಹೇಳಿಯೇ ಬಳಸುತ್ತಾನೆ: ಎರಡೂ ಕಡೆ ವರ್ಗದ ಸಹಗುಣಕದ ನಾಲ್ಕರಷ್ಟರಿಂದ ಗುಣಿಸು, ನಡುವಿನ ಸಹಗುಣಕದ ವರ್ಗ ಕೂಡಿಸು, ವರ್ಗಮೂಲ ತೆಗೆ. ಇಂದಿನ ಮಕ್ಕಳು ಬಾಯಿಪಾಠ ಮಾಡುವ ಸೂತ್ರ ಇದೇ. ಬ್ಯಾಬಿಲೋನಿನವರದೂ, ಒಂಬತ್ತನೆಯ ಶತಮಾನದ ಬಾಗ್ದಾದಿನ ಅಲ್-ಖ್ವಾರಿಜ್ಮಿಯದೂ ಚೌಕ ತುಂಬಿಸುವ ದಾರಿಯೇ.

ಅಪವರ್ತಿಸಿ ಬಿಡಿಸುವ ಕ್ರಮ ಚರಿತ್ರೆಯಲ್ಲಿ ತೀರ ತಡವಾಗಿ ಬಂದದ್ದು. ಅದಕ್ಕೆ ಎರಡು ಬೇಕಿದ್ದವು. ಒಂದು, ಎಲ್ಲ ಪದಗಳನ್ನೂ ಒಂದು ಕಡೆ ತಂದು ಇನ್ನೊಂದು ಕಡೆ ಸೊನ್ನೆ ಬಿಡುವುದು. ಇನ್ನೊಂದು, ಎರಡರ ಗುಣಲಬ್ಧ ಸೊನ್ನೆಯಾದರೆ ಅವೆರಡರಲ್ಲಿ ಒಂದಾದರೂ ಸೊನ್ನೆಯಾಗಿರಲೇಬೇಕು ಎಂಬ ಮಾತನ್ನು ಬೀಗದ ಕೈಯಂತೆ ಬಳಸುವುದು. ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆ ಎಂದು ಬ್ರಹ್ಮಗುಪ್ತ 628ರಲ್ಲಿಯೇ ಬರೆದಿದ್ದ. ಅದನ್ನು ತಿರುಗಿಸಿ ಸಮೀಕರಣದ ಬಾಗಿಲು ತೆರೆಯಲು ಸಾವಿರ ವರ್ಷ ಹಿಡಿಯಿತು. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಸತ್ತು ಹತ್ತು ವರ್ಷದ ನಂತರ, 1631ರಲ್ಲಿ ಹೊರಬಂದ ಅವನ ಪುಸ್ತಕದಲ್ಲಿ ಸಮೀಕರಣಗಳು ಅಪವರ್ತನಗಳ ಗುಣಲಬ್ಧವಾಗಿ ಕಾಣಿಸಿಕೊಂಡವು. 1637ರಲ್ಲಿ ದೆಕಾರ್ತ್ ಕೂಡ ಚಿಕ್ಕ ಅಪವರ್ತನಗಳನ್ನು ಗುಣಿಸಿ ದೊಡ್ಡ ಸಮೀಕರಣ ಕಟ್ಟಿ ತೋರಿಸಿದ. ಮುಂದೆ ಹಾಲ್ ಮತ್ತು ನೈಟ್ ಅವರ 1885ರ ಬೀಜಗಣಿತದಂಥ ಪುಸ್ತಕಗಳ ಮೂಲಕ ಇದು ಭಾರತದ ಶಾಲೆಗಳಿಗೂ ಬಂತು. ಚರಿತ್ರೆಯಲ್ಲಿ ಕೊನೆಗೆ ಬಂದದ್ದು ನಮ್ಮ ಪಾಠದಲ್ಲಿ ಮೊದಲು ಬರುತ್ತದೆ. ಇದರಲ್ಲಿ ತಪ್ಪೇನಿಲ್ಲ, ಆದರೆ ಮೊದಲಿನದನ್ನು ಮರೆತರೆ ತಪ್ಪು. 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪುಸ್ತಕದಿಂದ ವರ್ಗ ಪೂರ್ಣಗೊಳಿಸುವ ಭಾಗವನ್ನೇ ತೆಗೆದುಹಾಕಿತು. ನನಗೆ ಇದು ಮನೆಯ ನಡುಗಂಬ ಕಿತ್ತಂತೆ ಕಾಣುತ್ತದೆ. ಸೂತ್ರ ನಿಂತಿರುವುದೇ ಅದರ ಮೇಲೆ.

ಇನ್ನು ಕಲಿಸುವ ಬಗೆಗಳು. ನಮ್ಮ ರಾಜ್ಯದ ಹೈಸ್ಕೂಲು ಗಣಿತ ಎನ್‌ಸಿಇಆರ್‌ಟಿ ಪುಸ್ತಕದ ದಾರಿಯಲ್ಲೇ ಸಾಗುತ್ತದೆ, ಅಲ್ಲಿ ಮಧ್ಯಪದ ವಿಭಜನೆಗೇ ಪಟ್ಟ. ಒಂಟೆಯ ಲೆಕ್ಕದಲ್ಲಿ ಮಾಡಿದ್ದು ಅದೇ. ಅದು ಯಾಕೆ ಕೆಲಸ ಮಾಡುತ್ತದೆ ಎಂದು ಹೇಳುವ ಶಿಕ್ಷಕರು ಕಡಿಮೆ. (2ಯ + 3)(ಯ + 2) ಗುಣಿಸಿ ನೋಡಿ. ನಡುವೆ 4ಯ ಮತ್ತು 3ಯ ಬರುತ್ತವೆ. ನಾಲ್ಕು ಬಂದದ್ದು ಎರಡು-ಎರಡಲಿ, ಮೂರು ಬಂದದ್ದು ಮೂರು-ಒಂದಲಿ. ಆ ನಾಲ್ಕು ಮತ್ತು ಮೂರನ್ನು ಗುಣಿಸಿದರೆ 12. ಮೊದಲ ಸಹಗುಣಕ 2 ಮತ್ತು ಕೊನೆಯ 6 ಗುಣಿಸಿದರೂ 12. ಎರಡೂ ಕಡೆ ಅದೇ ನಾಲ್ಕು ಸಂಖ್ಯೆಗಳು, ಜೋಡಿ ಮಾತ್ರ ಬೇರೆ. ಹಾಸಿನ ಎಳೆಯನ್ನೂ ಹೊಕ್ಕಿನ ಎಳೆಯನ್ನೂ ಯಾವ ಕಡೆಯಿಂದ ಎಣಿಸಿದರೂ ಬಟ್ಟೆ ಒಂದೇ. ಇಷ್ಟು ಹೇಳಲು ಕರಿಹಲಗೆಯ ಮೇಲೆ ಐದು ನಿಮಿಷ ಸಾಕು. ಆ ಐದು ನಿಮಿಷ ಸಿಗದ ಮಗುವಿಗೆ ಇದು ಹತ್ತನೆಯ ತರಗತಿಯಿಂದ ಹೊರಬಿದ್ದ ಮೇಲೂ ಮಂತ್ರವಾಗಿಯೇ ಉಳಿಯುತ್ತದೆ.

ಎರಡನೆಯದು ಅಡ್ಡ ಗುಣಾಕಾರದ ಊಹೆ: ಎರಡು ಸಾಲಲ್ಲಿ ಅಂಕಿ ಇಟ್ಟು, ಅಡ್ಡ ಗುಣಿಸಿ, ನಡುವಿನ ಪದ ಕೂಡಿ ಬರುವ ತನಕ ಬದಲಿಸುತ್ತ ಹೋಗುವುದು. ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀ ಕೃಷ್ಣತೀರ್ಥರ, ಅವರ ನಿಧನದ ನಂತರ 1965ರಲ್ಲಿ ಪ್ರಕಟವಾದ ಪುಸ್ತಕದಿಂದ ವೇದಗಣಿತದ ಹೆಸರಲ್ಲಿ ಇದರ ಒಂದು ಚುರುಕಾದ ರೂಪ ನಮ್ಮ ಕೋಚಿಂಗ್ ತರಗತಿಗಳಿಗೆ ಬಂದಿದೆ. ಕೈ ಪಳಗಿದವರಿಗೆ ಬಲು ಬೇಗ. ಪಳಗದವರಿಗೆ ಕತ್ತಲಲ್ಲಿ ಕಾಲಿಟ್ಟಂತೆ.

ಮೂರನೆಯದು ನನಗೆ ಅತಿ ಇಷ್ಟದ್ದು, ಬ್ಯಾಬಿಲೋನಿನ ಅರ್ಧಮೊತ್ತ. 2019ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪೋ-ಶೆನ್ ಲೋ ಇದನ್ನು ಶಾಲೆಗೆ ಒಗ್ಗುವಂತೆ ಮತ್ತೆ ಮುಂದಿಟ್ಟಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. 1989ರಲ್ಲಿಯೇ ಜಾನ್ ಸ್ಯಾವೇಜ್ ಎಂಬ ಶಿಕ್ಷಕ ಇಂಥದೇ ದಾರಿ ಪ್ರಕಟಿಸಿದ್ದನ್ನು ಲೋ ಅವರೇ ಮುಂದೆ ಹೇಳಿದರು. ಇದರ ಬಲ ಒಂದು ಲೆಕ್ಕದಲ್ಲಿ ತಿಳಿಯುತ್ತದೆ. ಯ² − 124ಯ + 3843 ಅಪವರ್ತಿಸಿ ಎಂದರೆ ಮಕ್ಕಳು 3843ರ ಭಾಜಕ ಹುಡುಕಲು ಹೊರಡುತ್ತಾರೆ: ಮೂರಲಿ ಹೋಗುತ್ತದೆ, ಮತ್ತೆ ಮೂರಲಿ, ಆಮೇಲೆ ಏಳಲಿ, ಉಳಿದ 61 ಏನು ಮಾಡುವುದು? ಅರ್ಧಮೊತ್ತದ ದಾರಿಯಲ್ಲಿ 124ರ ಅರ್ಧ 62, ಅದರ ವರ್ಗ 3844, ಅದರಲ್ಲಿ 3843 ಕಳೆದರೆ 1. ಎರಡು ಸಂಖ್ಯೆ 61 ಮತ್ತು 63. ಮುಗಿಯಿತು. ಭಾಜಕ ಹುಡುಕುವ ಕೆಲಸವೇ ಬರಲಿಲ್ಲ.

ನಾಲ್ಕನೆಯದು ಕಾಗದದ ತುಂಡುಗಳು. ಯ ಬದಿಯ ದೊಡ್ಡ ಚೌಕ, ಯ ಉದ್ದ ಒಂದು ಅಗಲದ ಪಟ್ಟಿ, ಒಂದಕ್ಕೊಂದರ ಸಣ್ಣ ಚೌಕ. ಕೊಟ್ಟ ತುಂಡುಗಳಿಂದ ಸಂದಿಲ್ಲದ ಆಯತ ಕಟ್ಟಿದರೆ ಬದಿಗಳೇ ಅಪವರ್ತನ. ಕಳೆಯುವ ಚಿಹ್ನೆ ಬಂದಾಗ ಇದು ಸ್ವಲ್ಪ ತೊಡಕು. ಆರಂಭಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಈಗ ಆ ಹುಡುಗಿಯ ಕಣ್ಣೀರಿನ ಮೂಲಕ್ಕೆ ಬರುತ್ತೇನೆ. ಪುಸ್ತಕದ ಅಪವರ್ತನದ ಅಭ್ಯಾಸದಲ್ಲಿ ಬರುವ ಲೆಕ್ಕಗಳು ಆರಿಸಿ ಇಟ್ಟವು, ಒಡೆಯುವಂಥವನ್ನೇ ಇಡುತ್ತಾರೆ. ಹಾಗಾದರೆ ಕಣ್ಣು ಮುಚ್ಚಿ ಒಂದು ವರ್ಗೋಕ್ತಿ ಬರೆದರೆ ಅದು ಪೂರ್ಣಾಂಕಗಳಲ್ಲಿ ಒಡೆಯುವ ಸಂಭವ ಎಷ್ಟು? ನಡುವಿನ ಸಹಗುಣಕ 1ರಿಂದ 10, ಸ್ಥಿರಪದ 1ರಿಂದ 10 ಎಂದಿಟ್ಟರೆ ಒಟ್ಟು 100 ವರ್ಗೋಕ್ತಿಗಳು. ಜೋಡಿಗಳನ್ನು ಎಣಿಸೋಣ. ಒಂದರ ಜತೆ ಒಂದರಿಂದ ಒಂಬತ್ತರ ತನಕ, ಒಂಬತ್ತು ಜೋಡಿ. ಎರಡರ ಜತೆ ಎರಡರಿಂದ ಐದು, ನಾಲ್ಕು ಜೋಡಿ. ಮೂರರ ಜತೆ ಮೂರು, ಒಂದು. ಒಟ್ಟು ಹದಿನಾಲ್ಕು. ನೂರರಲ್ಲಿ ಎಂಬತ್ತಾರು ಒಡೆಯುವುದಿಲ್ಲ! ಮಿತಿಯನ್ನು 20ಕ್ಕೆ ಏರಿಸಿದರೆ 400ರಲ್ಲಿ 34. ನೂರಕ್ಕೆ ಏರಿಸಿದರೆ ಹತ್ತು ಸಾವಿರದಲ್ಲಿ 245, ನೂರಕ್ಕೆ ಎರಡೂವರೆಗೂ ಕಡಿಮೆ. ಸಂಖ್ಯೆ ದೊಡ್ಡದಾದಂತೆ ಒಡೆಯುವ ವರ್ಗೋಕ್ತಿ ಅಪರೂಪವಾಗುತ್ತ ಹೋಗುತ್ತದೆ. ಈ ಎಣಿಕೆಯನ್ನು ಮಕ್ಕಳಿಂದಲೇ ಒಮ್ಮೆ ಮಾಡಿಸಬೇಕು. ಅಪರೂಪದ್ದನ್ನು ಮಾತ್ರ ತೋರಿಸಿ ಅದೇ ಲೋಕವೆಂದು ನಂಬಿಸುವುದು ಮಗುವಿಗೆ ಮಾಡುವ ಅನ್ಯಾಯ.

ಒಡೆಯುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯಲು ಶೋಧಕವಿದೆ: ನಡುವಿನ ಸಹಗುಣಕದ ವರ್ಗದಲ್ಲಿ, ಮೊದಲ ಮತ್ತು ಕೊನೆಯ ಸಂಖ್ಯೆಗಳ ಗುಣಲಬ್ಧದ ನಾಲ್ಕರಷ್ಟು ಕಳೆ. ಪೂರ್ಣವರ್ಗ ಬಂದರೆ ಒಡೆಯುತ್ತದೆ. ಧನವಾಗಿದ್ದು ಪೂರ್ಣವರ್ಗವಲ್ಲದಿದ್ದರೆ ಕರಣಿಗಳಲ್ಲಿ ಒಡೆಯುತ್ತದೆ. ಋಣ ಬಂದರೆ ನಮಗೆ ಗೊತ್ತಿರುವ ವಾಸ್ತವ ಸಂಖ್ಯೆಗಳಲ್ಲಿ ಇಲ್ಲ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ನಿಚ್ಚಳವಾಗಿ ಬರೆದವರಲ್ಲಿ ಮೊದಲಿಗ ನಮ್ಮ ಮಹಾವೀರಾಚಾರ್ಯನೇ. ಪಾಠದಲ್ಲಿ ಶೋಧಕ ಬರುವುದು ಅಧ್ಯಾಯದ ಕೊನೆಗೆ, ಸೂತ್ರದ ನಂತರ, 'ಮೂಲಗಳ ಸ್ವಭಾವ' ಎಂಬ ಬೇರೆಯೇ ಸಂಗತಿಯಾಗಿ. ಅದು ಅಪವರ್ತನದ ಬಾಗಿಲಲ್ಲೇ ನಿಲ್ಲಬೇಕು. ಬಾವಿ ತೋಡುವ ಮುಂಚೆ ನೀರಿದೆಯೋ ಎಂದು ನೋಡುವುದಿಲ್ಲವೇ?

ಹೀಗಿರುವಾಗ ಅಪವರ್ತನ ಬೇಕೇ ಬೇಕೇ? ಬೇಡ ಎನ್ನುವವರ ವಾದ ಬಲವಾಗಿದೆ. ಸೂತ್ರ ಎಲ್ಲ ವರ್ಗ ಸಮೀಕರಣಕ್ಕೂ ಸಲ್ಲುತ್ತದೆ, ಅಪವರ್ತನ ಕೆಲವಕ್ಕೆ ಮಾತ್ರ. ಫೋನಿನ ಕ್ಯಾಮೆರಾ ಹಿಡಿದರೆ ಹೆಜ್ಜೆ ಹೆಜ್ಜೆಯಾಗಿ ಉತ್ತರ ಬರೆಯುವ ಆ್ಯಪ್‌ಗಳು ಬಂದು ಹತ್ತು ವರ್ಷದ ಮೇಲಾಯಿತು. ನಮ್ಮೂರ ಮಕ್ಕಳ ಕೈಯಲ್ಲೂ ಅವಿವೆ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಉತ್ತರ ಮಾತ್ರ ಬೇಕಿದ್ದರೆ ಸೂತ್ರ ಸಾಕು.

ಆದರೆ ಅಪವರ್ತಿಸಿದ ರೂಪ ಉತ್ತರಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. (ಯ − 30)(ಯ − 40) ಎಂದು ಬರೆದರೆ, ಯ ಮೂವತ್ತು ಮತ್ತು ನಲವತ್ತರ ನಡುವೆ ಇದ್ದಾಗ ಒಂದು ಅಪವರ್ತನ ಧನ, ಇನ್ನೊಂದು ಋಣ, ಆದ್ದರಿಂದ ಬೆಲೆ ಸೊನ್ನೆಗಿಂತ ಕೆಳಗೆ ಎಂದು ಕಣ್ಣಿಗೆ ಕಾಣುತ್ತದೆ. ಪಿಯುಸಿಗೆ ಹೋದ ಮಗು ಮೊದಲ ವರ್ಷದಲ್ಲೇ ಪರಿಮಿತಿಯ ಲೆಕ್ಕ ಎದುರಿಸುತ್ತದೆ: ಯ² − 9 ಅನ್ನು ಯ − 3ರಿಂದ ಭಾಗಿಸಿ, ಯ ಮೂರಕ್ಕೆ ಹತ್ತಿರವಾದಾಗ ಏನಾಗುತ್ತದೆ? ನೇರ ಹಾಕಿದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಅಪವರ್ತಿಸಿದವರಿಗೆ ಉತ್ತರ ಆರು. ಇಲ್ಲಿ ವರ್ಗ ಸೂತ್ರ ಕೈಗೆ ಬರುವುದಿಲ್ಲ. ಹತ್ತರಲ್ಲಿ ಕಣ್ಣು ಪಳಗದವರು ಹನ್ನೊಂದರಲ್ಲಿ ವಿಜ್ಞಾನ ಬಿಡುತ್ತಾರೆ, ಎಷ್ಟೋ ಮಕ್ಕಳನ್ನು ನಾನೇ ನೋಡಿದ್ದೇನೆ. ಅವರು ಬಿಟ್ಟದ್ದು ಕಲನಶಾಸ್ತ್ರಕ್ಕೆ ಹೆದರಿ ಎಂದು ಮನೆಯವರು ತಿಳಿದಿರುತ್ತಾರೆ. ಬಹಳಷ್ಟು ಸಲ ಅವರು ಸಿಕ್ಕಿಬಿದ್ದದ್ದು ಅಪವರ್ತನದಲ್ಲಿ.

ಅದಕ್ಕೂ ಹಿಂದೆ ಹೋದರೆ ಮಗ್ಗಿಯಲ್ಲಿ. ಹನ್ನೆರಡು ಎಂದ ಕೂಡಲೇ ಮೂರು-ನಾಲ್ಕಲಿ, ಎರಡು-ಆರಲಿ ಎಂದು ತಿರುಗಿ ನೆನಪಾಗಬೇಕು. ನಾವು ಮಗ್ಗಿಯನ್ನು ಮುಂದಕ್ಕೆ ಮಾತ್ರ ಹೇಳಿಸುತ್ತೇವೆ, ಹಿಂದಕ್ಕೆ ಕೇಳುವುದಿಲ್ಲ. ಐದನೆಯ ತರಗತಿಯಲ್ಲಿ ದಿನಕ್ಕೆ ಎರಡು ನಿಮಿಷ "ನಲವತ್ತೆಂಟು ಯಾವ ಯಾವ ಮಗ್ಗಿಯಲ್ಲಿದೆ?" ಎಂದು ಕೇಳಿದ್ದರೆ ಹತ್ತನೆಯ ತರಗತಿಯ ಅರ್ಧ ಕಷ್ಟ ಕಳೆಯುತ್ತಿತ್ತು. ಇನ್ನರ್ಧ ಚಿಹ್ನೆಗಳದು. ಗುಣಲಬ್ಧ ಋಣವಾದರೆ ಎರಡರಲ್ಲಿ ಒಂದು ಸಾಲ, ಒಂದು ಜಮಾ. ಮೊತ್ತ ಯಾವ ಕಡೆ ವಾಲಿದೆಯೋ ದೊಡ್ಡದು ಆ ಕಡೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದ ಮಗುವಿಗೆ ಇದು ತಿಳಿಯದ ಮಾತಲ್ಲ.

ಹುಡುಗಿ ಲಗ್ನಪತ್ರಿಕೆಗಳನ್ನು ತಂದಳು. ಇಬ್ಬರೂ ಕೂತು ಕತ್ತರಿಸಿದೆವು: ಒಂದು ದೊಡ್ಡ ಚೌಕ, ನಾಲ್ಕು ಪಟ್ಟಿ, ಆರು ಸಣ್ಣ ಚೌಕ. "ಇಷ್ಟನ್ನೂ ಹಚ್ಚಿ ಒಂದು ಸೀರಿ ನೇಯವ್ವಾ, ಸಂದು ಬಿಡಬ್ಯಾಡ" ಎಂದೆ. ದೊಡ್ಡ ಚೌಕದ ಬಲಕ್ಕೆ ಮೂರು ಪಟ್ಟಿ, ಕೆಳಗೆ ಒಂದು ಇಟ್ಟಳು. ಮೂಲೆಯಲ್ಲಿ ಮೂರು ಸಣ್ಣ ಚೌಕ ಕೂತವು, ಮೂರು ಉಳಿದವು. ನಾಲ್ಕೂ ಪಟ್ಟಿಯನ್ನು ಒಂದೇ ಕಡೆ ಇಟ್ಟಳು. ಮೂಲೆಯೇ ಇಲ್ಲ, ಆರೂ ಉಳಿದವು. ಎರಡು ಎರಡು ಇಟ್ಟಳು. ನಾಲ್ಕು ಕೂತವು, ಎರಡು ಉಳಿದವು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ನನ್ನನ್ನು ಕೇಳದೆಯೇ ಒಂದು ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಸೀಳಿದಳು. ಒಂದು ಕಡೆ ಎರಡೂವರೆ, ಇನ್ನೊಂದು ಕಡೆ ಒಂದೂವರೆ. ಮೂಲೆಯನ್ನು ಬೆರಳಲ್ಲಿ ಅಳೆದಳು, ಮೂರು ಮುಕ್ಕಾಲು.

"ಸರ, ಸಮ ಇಟ್ರನ ಮೂಲಿ ದೊಡ್ಡದಾಗತೈತ್ರಿ. ಅದು ನಾಕ. ಆರು ಹೆಂಗ ಹಿಡಿಸ್ತಾವ್ರಿ?"

ನಾನು ಮಾತಾಡಲಿಲ್ಲ. ಅವಳು ಉಳಿದ ಎರಡು ಚೌಕಗಳನ್ನು ಪಕ್ಕಕ್ಕಿಟ್ಟು, ಹೊಸ ಪುಟ ತೆಗೆದು, ಚೌಕದ ಚಿತ್ರ ಬರೆದು, ಅದರ ಕೆಳಗೆ (ಯ + 2)² + 2 ಎಂದು ಬರೆದಳು.